ಎಣಿಕೆಗೆ ಸಿಗದ ಎರಡು ಫೋಟೊ

೨೦೦೫ರ ಫೆಬ್ರವರಿ ೧೨, ಶನಿವಾರ, ಬೆಳಗ್ಗೆ ಹತ್ತು ಇಪ್ಪತ್ತು. ನನ್ನ ಅನುಮಾನ ಶುರುವಾದ ಹೊತ್ತು ಡೈರಿಯಲ್ಲಿದೆ. ಬಿಬವೇವಾಡಿಯ ಫೋಟೊ ಸ್ಟುಡಿಯೊದ ಕಾಕಾ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ನನ್ನೆದುರು ಕೂತಿದ್ದರು. ವರ್ಷಗಟ್ಟಲೆ ಡಾರ್ಕ್‌ರೂಮಿನ ದ್ರಾವಣದಲ್ಲಿ ಅದ್ದಿದ ಆ ಬೆರಳುಗಳ ಉಗುರು ಚಹಾದ ಬಣ್ಣಕ್ಕೆ ತಿರುಗಿದ್ದವು.

ಕಾಕಾ ನಮ್ಮಂತೆಯೇ ಧಾರವಾಡದ ಕಡೆಯಿಂದ ಈ ಮರಾಠಿ ಊರಿಗೆ ಬಂದವರು. ಮದುವೆಯ ಫೋಟೊ ತೆಗೆಯುವುದು ಅವರ ಕೆಲಸ, ಅವನ್ನು ಸಿ.ಡಿ.ಗೆ ಹಾಕುವುದು ನನ್ನದು. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಫೋಲ್ಡರಿನ ಅಷ್ಟೂ ಚಿತ್ರಗಳು ಒಂದೇ ಅಳತೆಗೆ ಕುಗ್ಗುತ್ತಿದ್ದವು. ದೊಡ್ಡದನ್ನು ಅಳಿಸಿ ಅದರ ಜಾಗದಲ್ಲೇ ಚಿಕ್ಕದು ಕೂರುತ್ತಿತ್ತು. ಡಿಸ್ಕಿನಲ್ಲಿ ಜಾಗ ಸಾಲದ ಕಾಲ. ಮೂಲ ಚಿತ್ರ ಉಳಿಯುತ್ತಿರಲಿಲ್ಲ.

"ಒಂದ ಗುಂಡಿ ಒತ್ತಿ ಆರನೂರು ಮಂದೀನ ಗಿಡ್ಡ ಮಾಡ್ತೀ. ಪಾಪ ಹತ್ತತದವಾ," ಎನ್ನುವರು ಕಾಕಾ.

ಆ ದಿನ ಕ್ಯಾಮೆರಾ ೬೧೩ ಚಿತ್ರ ತೋರಿಸಿತ್ತು. ಕಾಕಾ ನನ್ನ ಫೋಲ್ಡರಿಗೆ ಇಳಿಸಿಕೊಟ್ಟದ್ದು ೬೧೨. ಮುಂದಿನ ಮದುವೆಯಲ್ಲಿ ೪೮೮ ಇದ್ದದ್ದು ೪೮೭. ಕಾರ್ಡನ್ನು ನನ್ನ ಕೈಗೆ ಕೊಡುತ್ತಲೇ ಇರಲಿಲ್ಲ. ಮದುವೆಮನೆಯ ಹುಡುಗಿಯರ ಫೋಟೊ ಯಾರಿಗಾದರೂ ದಾಟಿಸುತ್ತಿದ್ದಾರೆಯೇ? ಒಂಬತ್ತು ಮದುವೆಗಳ ಲೆಕ್ಕ ಬರೆದಿಟ್ಟೆ. ಒಂಬತ್ತರಲ್ಲೂ ಒಂದು ಕಡಿಮೆ.

ಮೇ ತಿಂಗಳಲ್ಲಿ ನನ್ನ ಅಕ್ಕನ ಮದುವೆಯಾಯಿತು. ಆ ಸಲ ಎರಡು ಕಡಿಮೆ. ಇನ್ನು ಸುಮ್ಮನಿರಲಾಗಲಿಲ್ಲ.

"ಕಾಕಾ, ಉಳದ ಎರಡು ಎಲ್ಲಿ ಹೋದೂರಿ?"

"ಯಾಕವಾ, ನನ್ನ ಮ್ಯಾಲೆ ಪೊಲೀಸಗಿರಿ ನಡಸೀಯೇನು?"

"ಇದು ನಮ್ಮಕ್ಕನ ಮದುವಿ ಅದರೀ."

"ಅದಕ್ಕ ಎರಡು," ಎಂದು ಚಹಾ ಹೇಳಲು ಎದ್ದು ಹೋದರು. ಅಂದಿನಿಂದ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದೆ.

ಆಗಸ್ಟಿನಲ್ಲಿ ಅಪ್ಪ ಎದೆನೋವಿನಿಂದ ತೀರಿಕೊಂಡರು. ಐವತ್ತೆರಡು ವರ್ಷ. ಗೋಡೆಗೆ ಹಾಕಲು ದೊಡ್ಡ ಫೋಟೊ ಬೇಕಿತ್ತು. ಮನೆಯಲ್ಲಿದ್ದ ಒಳ್ಳೆಯ ಚಿತ್ರವೆಂದರೆ ನಾನೇ ಕುಗ್ಗಿಸಿದ್ದ ಮದುವೆಯ ಸಿ.ಡಿ.ಯದು. ಹಿಗ್ಗಿಸಿದರೆ ಅಪ್ಪನ ಮುಖ ಚೌಕ ಚೌಕವಾಗಿ ಒಡೆಯಿತು.

ಕಾಕಾ ಅವರ ಮುಂದೆ ಹೋಗಿ ನಿಂತೆ. ಏನೂ ಕೇಳದೆ ಅವರು ಡ್ರಾಯರಿನಿಂದ ಒಂದು ಸಿ.ಡಿ. ತೆಗೆದರು. ಅದರಲ್ಲಿ ಪ್ರತಿ ಮದುವೆಯ ಅತಿ ಹಿರಿಯರ ಒಂದೊಂದು ಚಿತ್ರ, ಕುಗ್ಗಿಸದೆ, ತೆಗೆದಂತೆಯೇ ಇತ್ತು. ಅಕ್ಕನ ಮದುವೆಯ ಎರಡರಲ್ಲಿ ಒಂದು ನಮ್ಮಜ್ಜಿಯದು. ಇನ್ನೊಂದರಲ್ಲಿ ತಲೆಗೆ ಫೇಟಾ ಸುತ್ತಿಕೊಂಡು ನಗುತ್ತಿದ್ದ ಅಪ್ಪ.

"ಆಮ್ಯಾಲೆ ದೊಡ್ಡದು ಬೇಕಂತ ಬರ್ತಾರವಾ. ಮದುವಿ ಮನ್ಯಾಗ ಇದನ್ನ ಬಾಯಿಬಿಟ್ಟು ಹೇಳಾಕ ಆಗ್ತದೇನು?"

"ಅಜ್ಜೀದು ಸರಿ. ಅಪ್ಪಂದು ಯಾಕ ತಗದಿಟ್ರಿ?"

"ದಿನಾ ಸಂಜಿಗೆ ನನ್ನ ಮೆಟ್ಟಲ ಮ್ಯಾಲೆ ಕೂತು ಉಸಿರು ತಗೊಂಡು ಮನಿಗೆ ಹೋಗ್ತಿದ್ರು. ಡಾಕ್ಟರ ಕಡೆ ಹೋಗ್ರಿ ಅಂದ್ರ, ಹುಡಿಗ್ಯಾರಿಗೆ ಹೇಳಬ್ಯಾಡ್ರಿ ಅಂದ್ರು."

ಅದೇ ಮೆಟ್ಟಿಲನ್ನು ನಾನೂ ದಿನಾ ಇಳಿಯುತ್ತಿದ್ದೆ. ಕಾಕಾ ಆಗಲೇ ನನಗೆ ಹೇಳಿದ್ದರೆ? ಈ ಪ್ರಶ್ನೆಯನ್ನು ನಾನು ಅವರನ್ನು ಕೇಳಲಿಲ್ಲ. ಆದರೆ ಇವತ್ತಿಗೂ ಅಪ್ಪನ ಮುಖ ಗೋಡೆಯ ಮೇಲೆ ಇಡಿಯಾಗಿದ್ದರೆ ಅದು ಅವರಿಂದ.

೨೦೦೯ರಲ್ಲಿ ಕಾಕಾ ತೀರಿಹೋದರು. ಸ್ಟುಡಿಯೊದ ಅಷ್ಟೂ ಸಿ.ಡಿ. ಹುಡುಕಿದೆ. ಅವರ ಫೋಟೊ ಸೊನ್ನೆ. ಸದಾ ಕ್ಯಾಮೆರಾದ ಹಿಂದಿದ್ದವರು. ನಿಮ್ಮ ಮದುವೆಯ ಆಲ್ಬಮ್ಮಿನಲ್ಲಿ ಎಲ್ಲಾದರೂ ಕುತ್ತಿಗೆಗೆ ಕ್ಯಾಮೆರಾ ಹಾಕಿ, ಮುದುಕರ ಸಾಲಿನತ್ತ ನೋಡುತ್ತ ನಿಂತ ಎತ್ತರದ ಮನುಷ್ಯ ಕಂಡರೆ ದಯವಿಟ್ಟು ನನಗೆ ಬರೆಯಿರಿ. ಚಿತ್ರವನ್ನು ಕುಗ್ಗಿಸದೆ ಕಳಿಸಿ.