ಆಯಿ ಕುಡಿದ ಬಟ್ಟಲು

ಮೊನ್ನೆ ಸೊಸೆ ಪಾಯಸಕ್ಕೆಂದು ಒಣದ್ರಾಕ್ಷಿ ನೆನೆಹಾಕಿದ್ದಳು. ಮುಚ್ಚಳ ತೆಗೆದೆ. ಆ ಹುಳಿಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಶಹಾಪುರದ ನಮ್ಮ ಕ್ರೈಸ್ತ ದೇವಾಲಯವೂ ಅಲ್ಲಿ ಗಂಟೆ ಬಾರಿಸುತ್ತಿದ್ದ, ಸಭೆಯವರೆಲ್ಲ ಆಯಿ ಎಂದೇ ಕರೆಯುತ್ತಿದ್ದ ಮುದುಕಿಯೂ ಕಣ್ಣೆದುರು ಬಂದರು. ಮುಚ್ಚಳ ಮತ್ತೆ ಮುಚ್ಚಿಬಿಟ್ಟೆ.

ನಿಜಾಮನ ಆಳ್ವಿಕೆ ಮುಗಿದು ಒಂದೆರಡು ವರ್ಷವಾಗಿತ್ತು. ಇನ್ನು ಎಲ್ಲರೂ ಒಂದೇ ಎಂದು ಊರ ತುಂಬ ಮಾತು. ನಮ್ಮ ಪುಟ್ಟ ಲೂಥರನ್ ಸಭೆಯಲ್ಲಿ ಅದನ್ನು ಮೊದಲಿಂದಲೂ ಹೇಳುತ್ತಿದ್ದರು. ಆರಾಧನೆ ಶುರುವಾಗುವುದೇ ಪಾಪನಿವೇದನೆಯಿಂದ. ಕರ್ತನ ರಾತ್ರಿಭೋಜನದ ಭಾನುವಾರ ಯೇಸುವಿನ ನೆನಪಿಗೆ ಎಲ್ಲರಿಗೂ ಒಂದೇ ರೊಟ್ಟಿ, ದ್ರಾಕ್ಷಾರಸದ ಒಂದೇ ಬಟ್ಟಲು. ನಮ್ಮೂರಲ್ಲಿ ದ್ರಾಕ್ಷಾರಸ ಎಲ್ಲಿಂದ ಬರಬೇಕು? ಆಯಿಯೇ ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ಹಿಂಡಿ ಸೋಸಿ ಕೊಡುತ್ತಿದ್ದಳು.

ಆಕೆ ಊರ ಹೊರಗಿನ ಕೇರಿಯವಳು. ನಮ್ಮಪ್ಪ ಅಂಗಡಿಕಾರರ ದೊಡ್ಡ ಮನೆತನ ಬಿಟ್ಟು ಸಭೆ ಸೇರಿದವನು. ಬಿಟ್ಟದ್ದು ಮನೆತನವನ್ನಷ್ಟೇ, ಬಿಂಕವನ್ನು ಗಂಟು ಕಟ್ಟಿಕೊಂಡೇ ಬಂದಿದ್ದೆವು.

ನನಗಾಗ ಹದಿನೆಂಟು. ಆ ಭಾನುವಾರ ಸುರಪುರದ ಸೋದರಮಾವ ನಮ್ಮ ಆರಾಧನೆ ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ. ಸಾಲಾಗಿ ಮೊಣಕಾಲೂರಿದ್ದೆವು, ಬಟ್ಟಲು ಕೈಯಿಂದ ಕೈಗೆ ಬರುತ್ತಿತ್ತು. ಆಯಿ ಕುಡಿದು ನನ್ನ ಕೈಗೆ ಕೊಟ್ಟಳು. ಮಾವ ನೋಡುತ್ತಿದ್ದಾನೆಂಬುದೊಂದೇ ನನ್ನ ತಲೆಯಲ್ಲಿ. ಸೆರಗಿನ ತುದಿಯಿಂದ ಬಟ್ಟಲಿನ ಅಂಚನ್ನು ಒರೆಸಿ ಕುಡಿದೆ. ಒಳಗಿದ್ದದ್ದು ಆಕೆಯೇ ಕೈಯಾರೆ ಹಿಂಡಿದ ರಸ! ಆಯಿ ಒಮ್ಮೆ ನನ್ನನ್ನು ನೋಡಿದಳು... ಆಮೇಲೆ ತಲೆ ತಗ್ಗಿಸಿದಳು.

ರಾತ್ರಿಭೋಜನಕ್ಕೆ ಬರುವವರು ಹಿಂದಿನ ಶನಿವಾರವೇ ಸಭೆಯ ಪಾದ್ರಿ ಅಯ್ಯನವರ ಬಳಿ ಹೋಗಿ ಹೆಸರು ಕೊಡಬೇಕು. ಯಾರೊಂದಿಗಾದರೂ ಮನಸ್ತಾಪವಿದ್ದರೆ ಅಂದೇ ತೀರಿಸಿಕೊಳ್ಳಬೇಕು. ಅದು ನಮ್ಮ ಸಭೆಯ ಪದ್ಧತಿ. ಮುಂದಿನ ಸಲ ಹೆಸರು ಕೊಡಲು ಹೋದಾಗ ಆಯಿ ಅಲ್ಲೇ ಪಡಸಾಲೆಯಲ್ಲಿ ದ್ರಾಕ್ಷಿ ತೊಳೆಯುತ್ತಿದ್ದಳು.

“ಯಾರ ಜೋಡಿ ಏನರ ಅದನೇನವ್ವ?” ಎಂದು ಅಯ್ಯನವರು ಕೇಳಿದರು.

“ಏನಿಲ್ರಿ,” ಅಂದುಬಿಟ್ಟೆ.

ಆಯಿಯ ಕೈ ನೀರಲ್ಲಿ ಹಾಗೇ ನಿಂತಿತು. ಅಯ್ಯನವರು ಆಕೆಯನ್ನೂ ಕೇಳಿದರು.

“ನನ್ನ ಮನಸಿನ್ಯಾಗ ಏನಿಲ್ರಿ. ಎಲ್ಲಾರೂ ಕುಡೀಲಿ, ನಂದು ಕಡಿಗಿ.”

ಒಂದು ಮಾತು ಸಾಕಿತ್ತು. ಮೂರು ಹೆಜ್ಜೆ ದೂರದಲ್ಲಿ ಕುಳಿತಿದ್ದಳು. ನಾನು ಹೆಸರು ಕೊಟ್ಟು ಹೊರಟುಬಂದೆ. ಅಂದಿನಿಂದ ಆಯಿ ಸಾಲಿನ ಕೊನೆಯಲ್ಲೇ ಮೊಣಕಾಲೂರಿದಳು. ಎಂಥ ವಿನಯ ಎಂದು ಜನ ಹೊಗಳಿದರು. ಕಾರಣ ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಆಮೇಲೆ ಮದುವೆಯಾಗಿ ಯಾದಗಿರಿಗೆ ಬಂದೆ. ತವರಿಗೆ ಹೋದಾಗಲೆಲ್ಲ ಈ ಸಲ ಕ್ಷಮೆ ಕೇಳೇಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ... ಆಯಿ “ಚಲೋ ಇದ್ದೀಯೇನವ್ವ?” ಎಂದು ನಕ್ಕರೆ ನಾನೂ ನಕ್ಕು ಮುಂದೆ ನಡೆದುಬಿಡುತ್ತಿದ್ದೆ. ಒಂದು ಸಲ ಹೋದಾಗ ಗಂಟೆಯ ಸದ್ದು ಬೇರೆಯಾಗಿತ್ತು. ಅವ್ವನನ್ನು ಕೇಳಿದೆ. “ಆಯಿ ಹೋಗಿ ತಿಂಗಳಾತು,” ಅಂದಳು.

ಈಗ ಯಾದಗಿರಿಯ ನಮ್ಮ ದೇವಾಲಯದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಲೋಟ. ಯಾರ ಎಂಜಲೂ ಯಾರಿಗೂ ತಾಗುವುದಿಲ್ಲ. ಪಾಪನಿವೇದನೆಯಾದ ಮೇಲೆ ಅಯ್ಯನವರು ಕ್ಷಮೆ ಸಾರಿದಾಗ ಎಲ್ಲರೂ ಆಮೆನ್ ಅನ್ನುತ್ತಾರೆ. ನನಗೆ ಬಾಯಿ ಬರುವುದಿಲ್ಲ. ದೇವರು ಕ್ಷಮಿಸಿರಬಹುದು, ಆಯಿಯನ್ನು ನಾನು ಕೇಳಲೇ ಇಲ್ಲವಲ್ಲ.

“ಅಜ್ಜಿ, ಮುಂದ ಬರ್ರಿ,” ಎಂದು ಹುಡುಗಿಯರು ಜಾಗ ಬಿಡುತ್ತಾರೆ.

“ನೀವು ನಡೀರವ್ವ, ನಂದು ಕಡಿಗಿ,” ಅನ್ನುತ್ತೇನೆ.

ಅವರು ಅದನ್ನು ಭಕ್ತಿ ಎಂದುಕೊಂಡಿದ್ದಾರೆ.