ಅಮೆರಿಕದ ಗುಡ್ಡಕ್ಕೆ ಮಂಗಸೂಳಿಯ ಭಂಡಾರ

ನಮ್ಮ ಗೋಡೆಯ ಮೇಲಿರುವ ಚಿತ್ರದ ಅಸಲು ಅಮೆರಿಕದಲ್ಲಿದೆಯಂತೆ. ಹತ್ತೊಂಬತ್ತನೇ ಶತಮಾನದ್ದು: ಒಂದು ಹೊಳೆ, ಹಿಂದೆ ಗುಡ್ಡ, ಕೆಂಪಾದ ಆಕಾಶ. ಅದು ಯಾವ ಸಿರಿವಂತನಿಂದ ಯಾವ ಸಿರಿವಂತನ ಕೈಗೆ ಹೋಯಿತೆಂಬುದನ್ನೆಲ್ಲ ಮೊಬೈಲಿನಲ್ಲಿ ಓದಿದೆ. ಸ್ವಲ್ಪ ಹೊಟ್ಟೆಕಿಚ್ಚಾಯಿತು. ನಮ್ಮ ನಕಲಿನ ವಂಶಾವಳಿಯೇನು ಕಡಿಮೆಯದೇ?

ಅಪ್ಪ ಅದನ್ನು ನಿಪ್ಪಾಣಿಯ, ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಕೊಂಡು ಅಥಣಿಯ ಮನೆಗೆ ತಂದರು. ಮಲ್ಲಯ್ಯನ ಕ್ಷೇತ್ರವಾದ ಮಂಗಸೂಳಿ ತವರಿನ ಅಜ್ಜಿ ನೋಡಿದವಳೇ, "ಇಷ್ಟ ದೊಡ್ಡ ಗುಡ್ಡ, ಮ್ಯಾಲ ಮಲ್ಲಯ್ಯನ ಗುಡಿನ ಇಲ್ಲಲ್ಲೋ!" ಎಂದು, ಭಂಡಾರವನ್ನು ಎಣ್ಣೆಯಲ್ಲಿ ಕಲಸಿ, ಗಾಜಿನ ಮೇಲೆ, ಸರಿಯಾಗಿ ಗುಡ್ಡದ ನೆತ್ತಿಗೆ ಹೆಬ್ಬೆರಳಿನಿಂದ ಒತ್ತಿದಳು. ಅದು ದೇವರ ಅರಿಷಿಣ. ಒರೆಸುವ ಧೈರ್ಯ ಮುಂದೆ ಯಾರಿಗೂ ಬರಲಿಲ್ಲ. ಅಜ್ಜಿಯದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅವಳು ಹೋದ ಮೇಲೆ ನನಗೆ ಉಳಿದದ್ದು ಆ ಹೆಬ್ಬೆರಳಿನ ಗುರುತೊಂದೇ.

ನಾನು ಹಾಸ್ಟೆಲಿನಲ್ಲಿದ್ದಾಗ ಅವ್ವ ಚಿತ್ರವನ್ನು ರಾಯಬಾಗದ ಸೋದರಮಾವನ ವಾಸ್ತುಶಾಂತಿಗೆ ಉಡುಗೊರೆ ಕೊಟ್ಟುಬಿಟ್ಟಳು. ನಾನು ಕೂಗಾಡಿದರೆ, "ಬರಿಗೈಲೆ ಹೋಗಾಕ ಬರ್ತೈತೇನ?" ಎಂದು ನನ್ನನ್ನೇ ಗದರಿದಳು. ನಮ್ಮ ಕಡೆ ಇಂಥ ಉಡುಗೊರೆಗಳು ಒಂದು ಮನೆಯಲ್ಲಿ ನಿಲ್ಲುವುದಿಲ್ಲ. ಮಾವ ಅದನ್ನು ಕುಡಚಿಯ ಬೀಗರಿಗೆ ದಾಟಿಸಿದ. ಬೀಗರು ಅಕ್ಕೋಳದಲ್ಲಿ ಮನೆ ಕಟ್ಟಿದ ನಮ್ಮ ಸೋದರತ್ತೆಗೆ ದಾಟಿಸಿದರು. ಹೋದ ಊರಿಗೆ ತಕ್ಕಂತೆ ಚಿತ್ರದ ಹೊಳೆಯೂ ಹೆಸರು ಬದಲಿಸಿತು. ಕುಡಚಿಯಲ್ಲಿ ಕೃಷ್ಣೆ, ಅಕ್ಕೋಳದಲ್ಲಿ ವೇದಗಂಗೆ.

ಕೊಟ್ಟದ್ದನ್ನು ವಾಪಸ್ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಒಳಗೊಳಗೇ ಉರಿಯುತ್ತಾ ಬಾಯಿ ಮುಚ್ಚಿಕೊಂಡಿದ್ದೆ. ಚಿಕ್ಕೋಡಿಯಲ್ಲಿ ನಾನೇ ಮನೆ ಕಟ್ಟಿದಾಗ ಮೊದಲ ಫೋನು ಅತ್ತೆಗೇ ಹೋಯಿತು. "ಪಡಸಾಲಿ ಗ್ವಾಡಿ ಭಾಳ ಬಿಕೋ ಅಂತೈತಿ ನೋಡ್ರಿ," ಎಂದು ನಡುವೆ ಸೇರಿಸಲು ಮರೆಯಲಿಲ್ಲ.

ವಾಸ್ತುಶಾಂತಿಯ ದಿನ ಅತ್ತೆ ಅಗಲವಾದ ಪೊಟ್ಟಣ ಹಿಡಿದು ಬಂದಳು. ಕೊಟ್ಟವರೆದುರು ಬಿಚ್ಚಬಾರದೆಂಬುದನ್ನೂ ಮರೆತು ಪರಪರ ಹರಿದೆ. ಅದೇ ಚಿತ್ರ! ಆದರೆ ಗುಡ್ಡದ ನೆತ್ತಿ ಬೋಳು.

"ಅತ್ತಿ, ಭಂಡಾರ?" ಗಾಜಿನ ಮೇಲೆ ಬೆರಳಾಡಿಸುತ್ತ ಕೇಳಿದೆ.

"ಹಳೇದ ಕೊಟ್ಟಾಳಂತ ಮಂದಿ ನಗಬಾರದಲ್ಲ ತಂಗಿ, ಹೊಸಾ ಗಾಜ ಹಾಕ್ಸೇನಿ."

"ಹಳೇ ಗಾಜ ಒಗದ್ರೇನ್ರಿ?"

"ಭಂಡಾರದ ಗಾಜ ಯಾರರ ಒಗಿತಾರೇನಬೇ? ಆಡಿನ ಕೊಟ್ಟಗಿ ಖಿಡಕಿಗಿ ಕೂಡ್ರಿಸೇನಿ. ಆಡಿಗೆ ಮಲ್ಲಯ್ಯನ ಕಾವಲ ಆತು."

ಮರುದಿನವೇ ಅವ್ವನನ್ನು ಕರೆದುಕೊಂಡು ಅಕ್ಕೋಳಕ್ಕೆ ಓಡಿದೆ. ಗಾಜು ಬಿಚ್ಚಿಸಿಕೊಂಡೇ ಬರುವ ಹಟ ನನಗೆ. ಬದಲಿಗೆ ಹಾಕಲು ಬೇರೆ ಗಾಜನ್ನೂ ಕೊಯ್ಯಿಸಿ ಒಯ್ದಿದ್ದೆ. ಆಡುಗಳನ್ನು ಸರಿಸಿ ಕಿಟಕಿಯೆದುರು ನಿಂತೆ. ಗಾಜಿನಾಚೆ ಕಬ್ಬು, ಕಬ್ಬಿನಾಚೆ ಗುಡ್ಡ. ತುಸು ಎಡಕ್ಕೆ ಸರಿದೆ. ಅಜ್ಜಿಯ ಹೆಬ್ಬೆರಳಿನ ಹಳದಿ ಸೀದಾ ಆ ಗುಡ್ಡದ ನೆತ್ತಿಗೆ ಹೋಗಿ ಕೂತಿತು. ಅವ್ವನ ಭುಜ ಹಿಡಿದು ಅದೇ ಜಾಗದಲ್ಲಿ ನಿಲ್ಲಿಸಿದೆ. ಅವಳು ನೋಡಿದಳು, ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅತ್ತೆ ಇಕ್ಕಳ ಹಿಡಿದು ಬಂದಳು. "ಬಿಚ್ಚಲೇನ ತಂಗಿ?"

"ಬ್ಯಾಡ್ರಿ ಅತ್ತಿ," ಎಂದೆ. "ಗುಡ್ಡ ಇಲ್ಲೇ ಐತಲ್ರಿ."