ವೀರಗಲ್ಲಿನ ಮೇಲೆ ಬಿದ್ದ ನೆರಳು

ಹೋದ ಭಾನುವಾರ ಒಂದು ಸಭೆಯಲ್ಲಿ ನನ್ನ ಹೆಂಡತಿಯ ನೆರಳನ್ನು ತೆಗೆದುಹಾಕುವ ಬಗ್ಗೆ ಚರ್ಚೆಯಾಯಿತು. ನಡುವೆ ಖಾರದ ಅವಲಕ್ಕಿಯೂ ಬಂತು.

ವಿವರಿಸುತ್ತೇನೆ. ನಮ್ಮ ದೇಶದ ಬಗ್ಗೆ ಆನ್‌ಲೈನ್ ವಿಶ್ವಕೋಶದಲ್ಲಿ ಇರುವುದು ಸಾಲದು ಎಂದು ಸಂಬಳವಿಲ್ಲದೆ ಬರೆಯುವ, ತಿದ್ದುವ ಜನ ಇದ್ದಾರೆ. ನಮ್ಮೂರಿನವರು ರಾಮಕೃಷ್ಣನಗರದ ಒಂದು ಮನೆಯಲ್ಲಿ ಸೇರುತ್ತಾರೆ. ನನ್ನ ಹೆಂಡತಿ ಜಯ ಆ ಗುಂಪಿನಲ್ಲಿದ್ದಳು. ಅವಳು ತೀರಿಕೊಂಡ ಮೇಲೆ ನಾನು ಹೋಗುತ್ತೇನೆ. (ಮನೆಯಲ್ಲಿ ಭಾನುವಾರ ಬಹಳ ಉದ್ದ.)

ಹಿನಕಲ್ ಕಡೆಯ ಒಂದು ವೀರಗಲ್ಲಿನ ಪುಟಕ್ಕೆ ಫೋಟೋ ಹಾಕಿದವಳು ಅವಳೇ. ಬೆಳಗಿನ ಬಿಸಿಲು, ಬೆನ್ನ ಹಿಂದೆ ಸೂರ್ಯ. ಕಲ್ಲಿನ ಮೇಲೆ ಅವಳ ನೆರಳು: ಎತ್ತಿದ ಮೊಣಕೈ, ಹೆಗಲಿನ ಬ್ಯಾಗು.

ನಿಮ್ಮ ಮನೆಯ ಆಲ್ಬಮ್ ತೆಗೆದು ನೋಡಿ. ಫೋಟೋ ತೆಗೆಯುವವರು ಎಷ್ಟು ಚಿತ್ರಗಳಲ್ಲಿ ಇದ್ದಾರೆ? ನಮ್ಮದರಲ್ಲಿ ಬರೀ ನಾನು. ಹೆಚ್ಚಾಗಿ ಏನಾದರೂ ತಿನ್ನುತ್ತಾ.

"ಅಂಕಲ್, ಈ ಫೋಟೋ ಬದಲಾಯಿಸ್ಬುಡೋಣ್ವಾ? ನೆರಳಿಗೆ ಕೆತ್ತನೇನೇ ಕಾಣ್ತಿಲ್ಲ," ಎಂದಳು ಗುಂಪು ನಡೆಸುವ ಕಾವ್ಯ.

"ಅದು ಜಯಳ ನೆರಳು," ಎಂದೆ.

ಕಾವ್ಯ ಲ್ಯಾಪ್‌ಟಾಪ್ ಮುಚ್ಚಿದಳು. "ಹಂಗಾದ್ರೆ ಇರ್ಲಿ ಬುಡಿ."

"ಇರ್ಲಿ ಅಂದ್ರೆ ಎಂಗಮ್ಮ?" ಎಂದರು ನಿವೃತ್ತ ಮೇಷ್ಟ್ರು ಶಿವಣ್ಣ. "ಅಗ್ರಹಾರದ ಹಳೇ ಬಾಗಿಲಿನ ಫೋಟೋ ತೆಗೆದಿದ್ದೆ ನಾನು. ಮೂಲೇಲಿ ನನ್ ಬೆರಳು ಬಂದದೆ ಅಂತ ಕಿತ್ತಾಕಿದ್ದು ಯಾರು? ಇದೇ ಜಯಮ್ಮ! 'ಮೇಷ್ಟ್ರೇ, ಜನ ಬಾಗಿಲು ನೋಡೋಕೆ ಬರ್ತಾರೆ, ನಿಮ್ಮನ್ನಲ್ಲ' ಅಂದ್ಬುಟ್ರು ಕಣ್ರೀ!"

ಎಲ್ಲರೂ ಮೇಷ್ಟ್ರನ್ನು ದುರುಗುಟ್ಟಿ ನೋಡಿದರು. ಆದರೆ ಅದು ಜಯಳದೇ ಮಾತು. ಅನುಮಾನವೇ ಇಲ್ಲ.

ನಾನು ಇರಲಿ ಎಂದಿದ್ದರೆ ಫೋಟೋ ಇರುತ್ತಿತ್ತು. ಅವಳು ಒಪ್ಪುತ್ತಿದ್ದಳೇ?

ಬುಧವಾರ ಮೋಡ ಕವಿದಿತ್ತು. ಹಿನಕಲ್‌ಗೆ ಹೋದೆ. ಕಲ್ಲಿನ ಎದುರು ಚರಂಡಿ, ಪಕ್ಕದಲ್ಲಿ ಗೋಡೆ. ಫೋಟೋ ತೆಗೆಯುವವರು ನಿಲ್ಲಲು ಒಂದೇ ಜಾಗ. ಅವಳು ನಿಂತಿದ್ದಲ್ಲೇ ನಿಂತೆ.

ಮನೆಗೆ ಬಂದು ನಾನೇ ಫೋಟೋ ಬದಲಾಯಿಸಿದೆ. ಹಳೆಯದು ಅಳಿಸಿಹೋಗುವುದಿಲ್ಲವಂತೆ. ಪುಟದ ಹಿಂದಿನ ಆವೃತ್ತಿಯಲ್ಲಿ ಸಿಗುತ್ತದೆ ಎಂದು ಕಾವ್ಯ ಫೋನಿನಲ್ಲೇ ಹೇಳಿಕೊಟ್ಟಳು. (ದಿನಾ ನೋಡುತ್ತೇನೆ. ನಿನ್ನೆ ಮಾತ್ರ ನೋಡಲಿಲ್ಲ.)

ಬದಲಾಯಿಸಿದ ದಿನವೇ ಸಂಜೆ ಯಾವುದೋ ಊರಿನ, ನಾನು ಮುಖ ಕಂಡಿರದ ಸ್ವಯಂಸೇವಕರೊಬ್ಬರ ಸಂದೇಶ ಬಂತು.

"ಥ್ಯಾಂಕ್ಸ್ ಸರ್. ಹಳೇ ಫೋಟೋದಲ್ಲಿ ಯಾರೋ ಇದ್ದರು. ಈಗ ಯಾರೂ ಇಲ್ಲ."